ಫಿಲ್ಟರ್ ನೀರಿನ ಕಾಲುವೆಯಲ್ಲಿ ನೀರುಗೊಬ್ಬಿ

"ಲೇ ಫಿಲ್ಟರ್‌ನೋನೇ, ಹೊರಗ್ ಬಾರೋ! ನಿನ್ ನೀರಿಗಿಷ್ಟು ಬೆಂಕಿ ಬೀಳ!"

ನಟ್ಟು ಬಿಗಿಯುತ್ತಿದ್ದ ಪಾನಾ ಹಿಡಿದುಕೊಂಡೇ ಹೊರಗೆ ಓಡಿದೆ. ಫಿಲ್ಟರ್ ಮನೆಯ ಹಿಂದೆ ಒಬ್ಬ ಹೆಂಗಸು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು, ನನ್ನ ವೇಸ್ಟ್ ನೀರಿನ ಪೈಪಿನ ಬಾಯಿಗೆ ಗೋಣಿಚೀಲ ತುರುಕುತ್ತಿದ್ದಳು. ನೀರು ಚೀಲವನ್ನು ಹೊರಗೆ ತಳ್ಳುತ್ತಿತ್ತು. ಅವಳು ಮತ್ತೆ ತುರುಕುತ್ತಿದ್ದಳು. ಮೈಯೆಲ್ಲ ಒದ್ದೆ.

"ಅಕ್ಕ, ಹಂಗೆ ಮುಚ್ಚಿದ್ರೆ ಮಷೀನ್ ಒಡೀತದೆ."

"ಒಡೀಲಿ. ನನ್ನ ಸಸಿ ಮಡಿ ಒಡದೈತಲ್ಲ, ಅದನ್ನ ನೋಡು ಮೊದ್ಲು."

ನೋಡಿದೆ. ವೇಸ್ಟ್ ನೀರು ಹರಿಯುವ ಮಣ್ಣಿನ ಕಾಲುವೆಯ ಬದು ಒಂದು ಕಡೆ ಕುಸಿದಿತ್ತು. ನೀರು ನೇರ ಅವಳ ಹೊಲಕ್ಕೆ ನುಗ್ಗಿ, ಈರುಳ್ಳಿ ಬೀಜ ಚೆಲ್ಲಿದ್ದ ಮಡಿಯ ಅಂಚು ಕೊಚ್ಚಿಕೊಂಡು ಹೋಗಿತ್ತು. ಒಳಗೆ ಹೋಗಿ ಮಷೀನ್ ಆಫ್ ಮಾಡಿದೆ. ಹೊರಗೆ ಬರುವಷ್ಟರಲ್ಲಿ ಅವಳು ಸನಿಕೆ ತಂದು ನನ್ನ ಕೈಗೆ ಕೊಟ್ಟಳು. ಕೇಳಲೂ ಇಲ್ಲ. ಇಬ್ಬರೂ ಬದು ಕಟ್ಟಲು ನಿಂತೆವು.

"ಯಾವೂರೋ ನಿಂದು?"

"ಚಳ್ಳಕೆರೆ."

"ಹೆಸ್ರು?"

"ಚಾಂದ್ ಪಾಷ."

"ಸಾಬ್ರ ಹುಡ್ಗನಾ. ಮಣ್ಣು ಹಿಂಗೇನೋ ಹಾಕೋದು? ಮದ್ವೇಲಿ ಬಿರಿಯಾನಿ ಬಡಿಸ್ದಂಗೆ ಬಡಿಸ್ತೀಯಲ್ಲ. ಗಟ್ಟಿ ತುಳಿ."

ತುಳಿದೆ. ಅವಳೇ ಓಬಕ್ಕ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಚಳ್ಳಕೆರೆಯಲ್ಲಿ ನಮ್ಮ ಮೋಟರ್ ವೈಂಡಿಂಗ್ ಅಂಗಡಿಯ ಹಿಂದಿನ ಮೋರಿ ಹತ್ತಿರ ಮೂತ್ರಕ್ಕೆ ಹೋಗಿದ್ದೆ. ಅಲ್ಲಿ ಒಂದು ಮುಳ್ಳಿನ ಗಿಡ, ಗಿಣ್ಣಿಗೊಂದು ನೀಲಿ ಹೂ ಬಿಟ್ಟುಕೊಂಡು ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಬಂದ ಕೆಲಸ ಅದರ ಮೇಲೇ ಮುಗಿಸುತ್ತಿದ್ದರು. ನಾನು ಆ ಕಡೆ ಸರಿದು ನಿಂತೆ. ಅಂಗಡಿಗೆ ವಾಪಸು ಬಂದು ಕೂತರೂ ತಲೆಯಲ್ಲಿ ಅದೇ. ಮೊಳಕಾಲ್ಮೂರು ಕಡೆಯ ಆ ಊರಿನಲ್ಲಿ ನಾನು ಕಳೆದಿದ್ದ ಒಂದು ವರ್ಷ.

ಆಗ ನಮ್ಮ ಮಾಮು ಕುಡಿಯುವ ನೀರಿನ ಫಿಲ್ಟರ್ ನಡೆಸುವ ಕಂಟ್ರಾಕ್ಟ್ ಹಿಡಿದಿದ್ದರು. ನಾನು ಶಾಲೆ ಏಳಕ್ಕೇ ಬಿಟ್ಟವನು, ಅಂಗಡಿಯಲ್ಲಿ ತಂತಿ ಸುತ್ತಿಕೊಂಡಿದ್ದೆ. ಒಂದು ವರ್ಷ ಆ ಊರಿನ ಫಿಲ್ಟರ್ ನೋಡಿಕೊ ಎಂದು ಕಳಿಸಿದರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆಯಬೇಕು. ಆ ಊರಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುತ್ತಾರೆ. ಬೋರಿನ ನೀರು ಕುಡಿದರೆ ಹಲ್ಲು ಹಳದಿ, ಮಂಡಿ ಗಟ್ಟಿ. ಅದಕ್ಕೇ ಫಿಲ್ಟರ್. ಜನ ಕಾಯಿನ್ ಹಾಕಿ ಕ್ಯಾನ್ ತುಂಬಿಕೊಳ್ಳುತ್ತಾರೆ. ಆದರೆ ಈ ಮಷೀನಿನ ಗುಣವೇ ಹಾಗೆ. ಎಷ್ಟು ಒಳ್ಳೆ ನೀರು ಕೊಡುತ್ತದೋ ಅದಕ್ಕಿಂತ ಹೆಚ್ಚು ಹೊರಗೆ ಉಗುಳುತ್ತದೆ. ಉಗುಳಿದ ನೀರು ಸ್ವಲ್ಪ ಉಪ್ಪು. ಅದು ಓಬಕ್ಕನ ಹೊಲದ ಅಂಚಿನ ಕಾಲುವೆಯಲ್ಲಿ ಹೋಗಿ ನಿಲ್ಲುತ್ತಿತ್ತು. ಸುತ್ತ ಎಲ್ಲ ಒಣ ನೆಲ, ಜಾಲಿ, ಕಲ್ಲುಗುಡ್ಡ. ವರ್ಷವಿಡೀ ಹಸಿ ಇರುತ್ತಿದ್ದ ಜಾಗ ಅದೊಂದೇ.

ನಾನು ಇದ್ದದ್ದು ಗಾದ್ರಪ್ಪ ಎಂಬವನ ಬಾಡಿಗೆ ರೂಮಿನಲ್ಲಿ. ಅವನದು ರೇಷ್ಮೆ. ಫಿಲ್ಟರ್ ಮನೆಯ ಆ ಕಡೆ ಹಿಪ್ಪುನೇರಳೆ ತೋಟ, ರೂಮಿಗೆ ಅಂಟಿಕೊಂಡೇ ಹುಳ ಸಾಕುವ ಮನೆ. ಮೊದಲ ದಿನವೇ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದ.

"ಒರೇ ಪಾಷಾ, ಊದಿನಕಡ್ಡಿ ಇಲ್ಲ. ಸೊಳ್ಳೆ ಬತ್ತಿ ಇಲ್ಲ. ಬೀಡಿ ಇಲ್ಲ. ಶುಕ್ರವಾರ ಅತ್ತರ್ ಹಚ್ಕೊಂಡು ಈ ಕಡೆ ಸುಳದ್ರೆ ಸಾಮಾನು ರೋಡಿಗೆ ಎಸಿತೀನಿ. ಹುಳಕ್ಕೆ ವಾಸ್ನೆ ಆಗಲ್ಲ."

"ನಾನು ಸೋಪ್ ಹಾಕ್ಕೋಬೋದಾ ಅಣ್ಣ?"

"ಲೈಫ್‌ನಾಗೆ ಹಾಕ್ಕೊಂಡಂಗೆ ಕಾಣ್ಸಲ್ಲ. ಈಗ್ಯಾಕೆ ಆಸೆ?"

ಓಬಕ್ಕನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಭಾಗ್ಯ. ಬದು ಕಟ್ಟಿದ ಮೇಲೆ ಓಬಕ್ಕ ದಿನಾ ಬೆಳಿಗ್ಗೆ ಬಂದು ಅದು ಗಟ್ಟಿ ಇದೆಯಾ ಎಂದು ನೋಡುತ್ತಿದ್ದಳು. ಮಡಿಯಲ್ಲಿ ಹುಟ್ಟಿದ ಸಸಿಗಳನ್ನು ಎಣಿಸುವ ಹಾಗೆ ನೋಡುತ್ತಿದ್ದಳು. ಒಂದು ದಿನ ನನಗೆ ರೇಗಿತು.

"ಅಲ್ಲ ಅಕ್ಕ, ಈರುಳ್ಳಿ ಬೀಜ ಅಂಗಡೀಲಿ ಪ್ಯಾಕೆಟ್ ಸಿಗ್ತದೆ. ಇಷ್ಟಕ್ಕೆ ನನ್ನ ಪೈಪಿಗೆ ಶಾಪ ಹಾಕಿದ್ರಾ?"

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬದುವಿನ ಮೇಲೆ ಕೂತಳು.

ಅದು ಅವಳ ಅತ್ತೆ ಕೊಟ್ಟ ಬೀಜ. ಅತ್ತೆಗೆ ಅವಳ ಅತ್ತೆ ಕೊಟ್ಟಿದ್ದು. ಈರುಳ್ಳಿ ಕೆಂಪು, ಚಪ್ಪಟೆ, ಕಣ್ಣಲ್ಲಿ ನೀರು ತರಿಸುವಷ್ಟು ಖಾರ. ಅಟ್ಟದ ಮೇಲೆ ಹರಡಿದರೆ ಬೇಸಿಗೆ ಕಳೆದರೂ ಕೊಳೆಯುವುದಿಲ್ಲ. ಮಳೆಗಾಲದ ಬೆಳೆಯಲ್ಲಿ ಒಳ್ಳೆ ಗೆಡ್ಡೆ ಆರಿಸಿ ಇಟ್ಟುಕೊಂಡು, ಚಳಿ ಶುರುವಾಗುವಾಗ ಅದನ್ನು ಮತ್ತೆ ಮಣ್ಣಿಗೆ ಹಾಕುತ್ತಾರೆ. ಅದು ಉದ್ದ ಕೋಲು ಬಿಟ್ಟು ತುದಿಯಲ್ಲಿ ಬಿಳಿ ಹೂವಿನ ಚೆಂಡು ಕಟ್ಟುತ್ತದೆ. ಆ ಚೆಂಡಿನೊಳಗೆ ಕರಿ ಬೀಜ. ಈ ಬೀಜವನ್ನು ವರ್ಷಗಟ್ಟಲೆ ಇಡಲು ಆಗುವುದಿಲ್ಲ, ಹಳೆಯದಾದರೆ ಹುಟ್ಟುವುದಿಲ್ಲ. ವರ್ಷ ವರ್ಷವೂ ಕಟ್ಟಬೇಕು. ಎರಡು ವರ್ಷದಿಂದ ಅವಳ ಚೆಂಡು ತಿಕ್ಕಿದರೆ ಬರೀ ಹೊಟ್ಟು. ಗಡಿಗೆಯ ತಳದಲ್ಲಿ ಉಳಿದಿದ್ದ ಕೊನೆಯ ಹಿಡಿ ಈ ಮಡಿಯಲ್ಲಿ ಚೆಲ್ಲಿದ್ದಳು. ಹುಟ್ಟಿದ್ದು ಅದರಲ್ಲಿ ಅರ್ಧ.

ಅವಳ ಮನೆಯಲ್ಲಿ ಒಂದು ಪದ್ಧತಿ. ಆ ಮನೆಯಿಂದ ಮದುವೆಯಾಗಿ ಹೋಗುವ ಹೆಣ್ಣಿನ ಮಡಿಲಿಗೆ ಅಕ್ಕಿ ಕೊಬ್ಬರಿ ಜೊತೆ ಒಂದು ಗಂಟು ಈರುಳ್ಳಿ ಬೀಜ ಹಾಕಬೇಕು. ಭಾಗ್ಯಳಿಗೆ ಪರಶುರಾಂಪುರದ ಕಡೆ ಗಂಡು ಗೊತ್ತಾಗಿತ್ತು. ಬೇಸಿಗೆಗೆ ಮದುವೆ.

"ಅಕ್ಕಿ ಸೊಸೈಟಿಯಿಂದ ತಂದೇನು. ಬೀಜ ಎಲ್ಲಿಂದ ತರ್ಲೋ?" ಅಂದಳು. "ಪ್ಯಾಕೆಟ್ ಹರದು ಮಗಳ ಮಡ್ಲಿಗೆ ಸುರೀಲಾ?"

ನಾನು ಎದ್ದು ಹೋಗಿ ಬದುವಿಗೆ ಇನ್ನೊಂದು ಬುಟ್ಟಿ ಮಣ್ಣು ಹಾಕಿದೆ.

ಸಸಿ ನಾಟಿ ಮಾಡಿ ಅವಳ ಸೊಂಟ ಹಿಡಿದುಕೊಂಡಿತು. ನಾನು ಶುಕ್ರವಾರ ಚಳ್ಳಕೆರೆಗೆ ಹೋದಾಗ ದಾದಿಗೆ, ಅಂದರೆ ನಮ್ಮ ಅಜ್ಜಿಗೆ, ಹೇಳಿದೆ. ದಾದಿಯ ಟ್ರಂಕಿನಲ್ಲಿ ಇಲ್ಲದ ಔಷಧಿ ಇಲ್ಲ. "ದೂದ್ ಮೇ ಡಾಲ್‌ಕೇ ಪೀನಾ ಬೋಲ್" ಎಂದು ಒಂದು ಪುಡಿಕೆ ಕೊಟ್ಟಳು. ಹಾಲಿಗೆ ಹಾಕಿ ಕುಡಿಯಬೇಕು. ತಾಲ್‌ಮಖಾನಾ. ಗಾಂಧಿ ಅಂಗಡಿಯಲ್ಲಿ, ಅಂದರೆ ಬೇರು ನಾರು ಮಾರುವ ಅಂಗಡಿಯಲ್ಲಿ ಸಿಗುವ ಕಂದು ಬಣ್ಣದ ಸಣ್ಣ ಬೀಜ.

ಓಬಕ್ಕ ಪುಡಿಕೆ ಬಿಚ್ಚಿದವಳು ಎರಡು ಬೀಜ ನಾಲಿಗೆ ಮೇಲೆ ಇಟ್ಟುಕೊಂಡಳು. ಬಾಯಿ ಚಪ್ಪರಿಸಿದಳು. ಮುಖವೇ ಬದಲಾಯಿತು.

"ಲೇ, ಇದು ನೀರುಗೊಬ್ಬಿ ಬೀಜ ಅಲ್ವೇನೋ! ನಾಲಿಗೆಗೆ ಅಂಟ್ಕೊಂಡ್ತು ನೋಡು. ಸಣ್ಣೋರಿದ್ದಾಗ ಗೋಕಟ್ಟೆ ಹತ್ರ ಕಿತ್ಕೊಂಡು ಇದೇ ಆಟ ಆಡ್ತಿದ್ವಿ."

ಊರ ಮುಂದೆ ದನ ನೀರು ಕುಡಿಯುವ ಗೋಕಟ್ಟೆ ಇದೆ. ಮುಂಚೆ ಅದರ ಅಂಚೆಲ್ಲ ಈ ಗಿಡವಂತೆ. ಮಳೆ ನಿಂತ ಮೇಲೆ ಸುತ್ತ ನೀಲಿ. ಆಮೇಲೆ ಹೂಳು ತೆಗೆದು ಸುತ್ತ ಕಲ್ಲು ಕಟ್ಟಿದರು. ನೀರು ನಿಂತಿತು, ದನಕ್ಕೆ ಒಳ್ಳೆಯದಾಯಿತು. ಗಿಡ ಹೋಯಿತು. ಯಾರೂ ಕೇಳಲಿಲ್ಲ, ಮುಳ್ಳು ಗಿಡ ತಾನೆ.

ಓಬಕ್ಕ ಬೀಜವನ್ನು ಬೆರಳಲ್ಲಿ ಹೊರಳಿಸುತ್ತಾ ಕೂತಿದ್ದಳು. ಆಮೇಲೆ, "ಆ ಹೂ ಇದ್ದಾಗ ಜೇನಿತ್ತು. ಜಾಲಿ ಗಿಡಕ್ಕೊಂದು ಕೋಲು ಜೇನು. ನಮ್ಮ ಈರುಳ್ಳಿ ಚೆಂಡು ಬಿಳಿ ಕಾಣ್ತಿರ್ಲಿಲ್ಲ, ಹಂಗೆ ಮುತ್ಕೊಂಡಿರ್ತಿದ್ವು. ಈಗ ಒಂದು ನೊಣ ಕೂರಲ್ಲ. ಹೋದ ವರ್ಷ ನಾನೇ ದಿನಾ ಬೆಳಿಗ್ಗೆ ಚೆಂಡಿಂದ ಚೆಂಡಿಗೆ ಅಂಗೈ ಸವರ್ಕೊಂಡು ಓಡಾಡ್ದೆ. ನನ್ ಕೈ ಜೇನಾಗ್ತದಾ?" ಅಂದಳು.

"ಅದಕ್ಕೂ ಈ ಮುಳ್ಳು ಗಿಡಕ್ಕೂ ಏನಕ್ಕ?"

"ಈರುಳ್ಳಿ ಹೂ ಇರೋದೇ ಸ್ವಲ್ಪ ದಿನ. ಅದಕ್ಕೋಸ್ಕರ ಅವು ಎಲ್ಲಿಂದ್ಲೋ ಬಂದು ಕಾಯ್ಕೊಂಡು ಕೂರ್ತಾವಾ? ಅದಕ್ಕೆ ಮುಂಚೆ ಹೊಟ್ಟೆಗೆ ಬೇಡ್ವಾ? ಹಿಂಗೇ ಅಂತ ನಂಗೇನ್ ಗೊತ್ತು. ಅನ್ನಿಸ್ತದೆ."

"ಅನ್ನಿಸಿದ್ರೆ ಹಾಕ್ರಿ. ಕಾಲುವೆ ಐತೆ, ನೀರೈತೆ, ಬೀಜ ಐತೆ. ಕೂತು ಮಾತಾಡೋದೇನೈತೆ?"

ಸೊಂಟದ ಔಷಧಿ ಸೊಂಟಕ್ಕೆ ಹೋಗಲಿಲ್ಲ.

ಮಾರನೆ ಬೆಳಿಗ್ಗೆ ಅವಳ ಮನೆಯಿಂದ ಕೂಗು ಬಂತು. ಹೋಗಿ ನೋಡಿದರೆ ತಾಯಿ ಮಗಳಿಬ್ಬರೂ ಒಂದು ಬಟ್ಟೆ ಗಂಟು ಹಿಡಿದು ಆ ಕಡೆ ಈ ಕಡೆ ಎಳೆಯುತ್ತಿದ್ದಾರೆ. ಓಬಕ್ಕನಿಗೆ ಬೀಜ ಅಂದರೆ ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೆನೆಸುವುದು. ಎಲ್ಲ ಬೀಜವನ್ನೂ ಹಾಗೇ ಮಾಡಿ ಅಭ್ಯಾಸ. ಇದನ್ನೂ ನೆನೆಸಿದ್ದಳು. ಅಷ್ಟೂ ಬೀಜ ಊದಿ ಲೋಳೆಯಾಗಿ ಬಟ್ಟೆಗೆ ಕಚ್ಚಿಕೊಂಡಿತ್ತು.

"ಶರಬತ್ ಮಾಡ್ಬಿಟ್ರಲ್ಲ ಅಕ್ಕ," ಅಂದೆ.

ಭಾಗ್ಯ ನೆಲದ ಮೇಲೆ ಕೂತು ನಕ್ಕಳು. "ನಾ ಹೇಳ್ದೆ, ಇದನ್ನ ಯಾರಾದ್ರೂ ನೆನೆಸಿದ್ದು ನೋಡಿದೀಯೇನವ್ವ ಅಂತ. ಕೇಳ್ಬೇಕಲ್ಲ."

"ಯಾರಾದ್ರೂ ಬಿತ್ತಿದ್ದು ನೋಡಿದೀನೇನೇ ನಾನು? ತಾನೇ ಹುಟ್ತಿತ್ತು, ತಾನೇ ಸಾಯ್ತಿತ್ತು!"

ಆ ಲೋಳೆಯನ್ನೇ ಬಿಡದೆ ಸಾಲು ತೆಗೆದು ಮಣ್ಣು ಮುಚ್ಚಿ ನಾಟಿದಳು. ಈರುಳ್ಳಿಗೆ ಮಾಡುವ ಹಾಗೆ ನೀಟಾಗಿ. ಒಂದೂ ಹುಟ್ಟಲಿಲ್ಲ. ಮುಂದಿನ ಶುಕ್ರವಾರ ನಾನು ಗಾಂಧಿ ಅಂಗಡಿಯಲ್ಲಿ ದೊಡ್ಡ ಪುಡಿಕೆ ತಂದೆ. ಅಷ್ಟು ಹೊತ್ತಿಗೆ ಒಂದು ಮಳೆ ಹೊಡೆದಿತ್ತು, ಕಾಲುವೆಯ ಉಪ್ಪೆಲ್ಲ ತೊಳೆದು ಕೆಸರು ಮಿದುವಾಗಿತ್ತು. ಈ ಸಲ ಅವಳ ಕೈಗೆ ಕೊಡಲಿಲ್ಲ. ಕಾಲುವೆ ಉದ್ದಕ್ಕೂ ನಡೆಯುತ್ತಾ ಕೆಸರಿನ ಮೇಲೆ ಹಾಗೇ ಎಸೆದುಕೊಂಡು ಹೋದೆ.

"ಕೋಳಿಗೆ ಅಕ್ಕಿ ಹಾಕ್ದಂಗೆ ಹಾಕ್ತಾನೆ ನೋಡು," ಎಂದು ಓಬಕ್ಕ ಹಿಂದಿನಿಂದ ಗೊಣಗಿದಳು.

ಹುಟ್ಟಿತು. ಅಂಗಡಿಯ ಹಳೇ ಬೀಜ, ಅಲ್ಲಲ್ಲಿ ಖಾಲಿ ಬಿಟ್ಟು ಹುಟ್ಟಿತು. ಆದರೆ ಹುಟ್ಟಿದ್ದು ಬೆಳೆದ ರೀತಿ ನೋಡಬೇಕಿತ್ತು. ಮಳೆ ಆ ವರ್ಷ ಬಂದು ಬಂದು ಹೋಗುತ್ತಿತ್ತು, ಶೇಂಗಾ ಹೊಲಗಳು ಮುಖ ಬಾಡಿಸಿಕೊಂಡಿದ್ದವು. ಇದಕ್ಕೆ ಅದರ ಚಿಂತೆಯೇ ಇರಲಿಲ್ಲ. ಊರಿನವರು ಕ್ಯಾನ್ ತುಂಬಿಕೊಂಡಷ್ಟೂ ಕಾಲುವೆಗೆ ನೀರು. ಆಳೆತ್ತರಕ್ಕೆ ಸ್ವಲ್ಪ ಕಮ್ಮಿ ನಿಂತಿತು. ಗಿಣ್ಣು ಗಿಣ್ಣಿಗೆ ಸುತ್ತ ಎಲೆ, ಎಲೆಯ ಸಂದಿಯಲ್ಲಿ ಹಳದಿ ಮುಳ್ಳು. ಮುಳ್ಳು ಅಂದರೆ ಮುಳ್ಳೇ. ನೀರಿಗೆ ಬರುವ ಹೆಂಗಸರ ಸೀರೆ ಹಿಡಿದು ಎಳೆಯಿತು. "ಪಾಷಾ, ಫಿಲ್ಟರ್ ಕಾಯೋಕೆ ಬಂದಿಯೋ ಮುಳ್ಳು ಬೆಳಿಯೋಕೆ ಬಂದಿಯೋ?" ಎಂದು ದಿನಾ ಒಬ್ಬರಾದರೂ ಕೇಳುತ್ತಿದ್ದರು. ಓಬಕ್ಕನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನವರಾತ್ರಿ ಮುಗಿಯುವ ಹೊತ್ತಿಗೆ ಮೊದಲ ಹೂಗಳು ಬಂದವು. ಅದೇ ಹೊತ್ತಿಗೆ ಎಲೆಗಳ ಮೇಲೆ ಹುಳ ಬಂದವು. ಕಪ್ಪು ಹುಳ, ಮೈತುಂಬ ಕವಲು ಕವಲು ಮುಳ್ಳು. ಗಿಡವೂ ಮುಳ್ಳು, ಹುಳವೂ ಮುಳ್ಳು.

ಗಾದ್ರಪ್ಪ ಕುಡುಗೋಲು ಹಿಡಿದುಕೊಂಡು ಬಂದ. ಓಬಕ್ಕ ಹೊಲದಲ್ಲಿ ಈರುಳ್ಳಿ ಕೀಳುತ್ತಿದ್ದವಳು ಓಡಿ ಬಂದಳು.

"ಓಬಕ್ಕ, ನೀನು ಏನ್ ಬೇಕಾದ್ರೂ ಬೆಳ್ಕ. ಈ ಹುಳ ನನ್ನ ಸೊಪ್ಪಿಗೆ ಬಂದ್ರೆ ಯಾರ್ ಹೊಣೆ? ಹೋದ ಸಲ ಅರ್ಧ ಹುಳ ಸತ್ತು ಗುಂಡಿಗೆ ಸುರ್ದಿದೀನಿ. ಈ ಬೆಳೆ ಕೈಗೆ ಬರ್ಲಿಲ್ಲ ಅಂದ್ರೆ ನಾನು ತೋಟ ಕಿತ್ತು ಕೂಲಿಗೆ ಹೋಗ್ಬೇಕು."

"ಗಾದ್ರಪ್ಪ, ಹೂ ಈಗ ತಾನೆ ಬರ್ತೈತೆ ಕಣೋ. ನನ್ ಮಗಳ ಬೀಜ..."

"ನಿನ್ನ ಬೀಜಕ್ಕೆ ನನ್ ಹುಳ ಸಾಯ್ಲಾ?"

ಇಬ್ಬರದೂ ಸರಿ ಇತ್ತು. ಅದೇ ಕಷ್ಟ. ಅವನು ಕೆಟ್ಟವನಲ್ಲ. ತೋಟಕ್ಕೆ ಔಷಧಿ ಹೊಡೆದರೆ ರೇಷ್ಮೆ ಹುಳ ಸಾಯುತ್ತದೆ, ಹೊಡೆಯುವ ಹಾಗಿಲ್ಲ. ಬೇರೆ ಹುಳ ಬಂದರೆ ಅವನಿಗೆ ಬೇರೆ ದಾರಿಯೇ ಇಲ್ಲ. ಅವನು ಕುಡುಗೋಲು ಬೀಸಿಯೇ ಬಿಡುತ್ತಾನೆ ಅನ್ನಿಸಿತು.

"ಅಣ್ಣ, ತಿಂತದೋ ಇಲ್ವೋ ನೋಡೇ ಬಿಡಾನ," ಅಂದೆ.

ನನ್ನ ಹತ್ತಿರ ಹಳೇ ಫಿಲ್ಟರ್ ಬೌಲುಗಳಿದ್ದವು. ದಪ್ಪ ಪ್ಲಾಸ್ಟಿಕ್, ಒಳಗಿನದು ಹೊರಗೆ ಕಾಣುತ್ತದೆ. ಒಂದು ಹುಳವನ್ನು ಅದರಲ್ಲಿ ಬಿಟ್ಟು, ಅವನ ತೋಟದ ಎಳೇ ಸೊಪ್ಪು ಹಾಕಿ, ಬಾಯಿಗೆ ಸೊಳ್ಳೆ ಪರದೆ ಕಟ್ಟಿದೆ. ನೀನೇ ಇಟ್ಟುಕೊ ಎಂದು ಅವನಿಗೇ ಕೊಟ್ಟೆ. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬೌಲು ಎದೆಗೆ ಅವುಚಿಕೊಂಡು ಹೋದ.

ಮಾರನೆ ದಿನ ನಾನು ಹಲ್ಲುಜ್ಜುವಾಗ ಬಂದು ನಿಂತ.

"ಮುಟ್ಟಿಲ್ಲ. ಸೊಪ್ಪಿನ ಮೇಲೆ ನಡ್ಕೊಂಡು ಹೋಗ್ತದೆ, ಮೂಸಲ್ಲ."

"ಹಸಿವಾದ್ರೆ ತಿಂತದೇನೋ."

ಹಸಿವಾದರೂ ತಿನ್ನಲಿಲ್ಲ. ಸೊರಗಿತು. ಮೂರನೆ ದಿನ ಗಾದ್ರಪ್ಪ ತಾನೇ ಕಾಲುವೆಗೆ ಹೋಗಿ ನೀರುಗೊಬ್ಬಿ ಎಲೆ ಕಿತ್ತು ತಂದು ಹಾಕಿದ. ಹಾಕಿದ ತಕ್ಷಣ ಅದು ಅಂಚಿನಿಂದ ಕರ್ರ ಕರ್ರ ಎಂದು ಶುರು ಮಾಡಿತು. ಅವನು ಬೌಲಿಗೆ ಕಿವಿ ಇಟ್ಟು ಕೇಳಿದ. ಹುಳ ಸಾಕುವವನಿಗೆ ಹುಳ ಮೇಯುವ ಸದ್ದು ಅಂದರೆ ಏನೋ, ಮುಖ ಮೆತ್ತಗಾಯಿತು.

"ಉಪವಾಸ ಇತ್ತು ಪಾಪದ್ದು," ಅಂದ.

ಅಲ್ಲಿಗೆ ಬಿಟ್ಟು ಬಿಡಬಹುದಿತ್ತು. ಬಿಡಲಿಲ್ಲ. ದಿನಾ ಎಲೆ ಬದಲಾಯಿಸಿದ. ಹಿಕ್ಕೆ ಬಳಿದ. ನಾನು ಒಂದು ದಿನ ಬೌಲು ಅಲುಗಿಸಿದ್ದಕ್ಕೆ ಕೈ ಮೇಲೆ ಹೊಡೆದ. "ಜ್ವರಕ್ಕೆ ಕೂತೈತೆ, ಮುಟ್ಟಬ್ಯಾಡ." ರೇಷ್ಮೆ ಹುಳ ಹಳೇ ಚರ್ಮ ಬಿಡುವ ಮೊದಲು ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ಇದಕ್ಕೂ ಹಾಗೇ ಆಯಿತು. ಅವನಿಗೆ ಇದು ಹೇಗೆ ಗೂಡು ಕಟ್ಟುತ್ತದೆ ಎಂದು ನೋಡುವ ಆಸೆ ಹುಟ್ಟಿತ್ತು. ಯಾರಿಗೆ ಗೊತ್ತು, ಒಳ್ಳೆ ನೂಲು ಬಂದರೂ ಬರಬಹುದು ಅಂದ.

ನೂಲು ಬರಲಿಲ್ಲ. ಹುಳ ಪರದೆಗೆ ಹಿಂಗಾಲು ಅಂಟಿಸಿ ತಲೆಕೆಳಗಾಗಿ ನೇತುಬಿದ್ದಿತು. ಚರ್ಮ ಕಳಚಿ ಒಣಗಿದ ಎಲೆಯ ಹಾಗಾಯಿತು.

"ಗೂಡಿಲ್ಲ, ಎಂಥದೂ ಇಲ್ಲ. ಬತ್ತಲೆ ನೇತಾಡ್ತೈತೆ, ಮಾನಗೆಟ್ಟದ್ದು," ಎಂದು ಗಾದ್ರಪ್ಪ ಬೇಜಾರು ಮಾಡಿಕೊಂಡ. ಆದರೂ ಎಸೆಯಲಿಲ್ಲ.

ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದ. ಕೈ ಹಿಡಿದು ಎಳೆದುಕೊಂಡು ಹೋದ. ಬೌಲಿನಲ್ಲಿ ಅದು ಒಡೆದುಕೊಂಡಿತ್ತು. ಒದ್ದೆ ಬಟ್ಟೆ ಮುದುಡಿದ ಹಾಗೆ ಏನೋ ಪರದೆಗೆ ನೇತಾಡುತ್ತಿತ್ತು. ನೋಡ್ತಾ ನೋಡ್ತಾ ಅದು ಬಿಚ್ಚಿಕೊಂಡಿತು. ಕಿತ್ತಳೆ ಬಣ್ಣದ ಪಾತರಗಿತ್ತಿ, ರೆಕ್ಕೆಗೊಂದು ನವಿಲುಗರಿಯ ಕಣ್ಣು. ಗಾದ್ರಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಎಷ್ಟು ಹೊತ್ತಾದರೂ ಏಳಲಿಲ್ಲ. ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಮೀರುತ್ತಿದೆ ಎಂದು ಅವನ ಹೆಂಡತಿ ಒಳಗಿನಿಂದ ಕೂಗಿದಳು. ಅವನಿಗೆ ಕೇಳಿಸಲಿಲ್ಲ.

"ಮೀಸೆ ಬಂದಾಗಿಂದ ಹುಳ ಮೇಯಿಸ್ತಾ ಇದೀನಿ ಪಾಷಾ," ಅಂದ. "ಹೊರಗೆ ಬಂದಿದ್ದು ಒಂದೂ ನೋಡಿಲ್ಲ."

"ಯಾಕಣ್ಣ?"

"ಬಂದ್ರೆ ಗೂಡು ತೂತಾಗ್ತದೆ, ನೂಲು ಹೋಗ್ತದೆ. ಅದಕ್ಕೆ ಮುಂಚೆ ಮಾರ್ತೀವಿ. ಅಲ್ಲಿ ಬೇಯಿಸ್ತಾರೆ." ಪರದೆಗೆ ಕೈ ಹಾಕುತ್ತಾ, "ಹೊಟ್ಟೆಪಾಡು," ಅಂದ.

ಪರದೆ ಬಿಚ್ಚಿದ. ಅದು ಅವನ ಬೆರಳ ಮೇಲೆ ಸ್ವಲ್ಪ ಕೂತು, ಕಾಲುವೆ ಕಡೆ ಹೋಯಿತು. ಅವನು ಎದ್ದು ಸೊಪ್ಪು ಹಾಕಲು ಹೋದ. ಆ ಸಂಜೆ ತೋಟದಿಂದ ಚಪ್ಪಡಿ ಕಲ್ಲು ಹೊತ್ತು ತಂದು, ನೀರಿಗೆ ಬರುವ ಹೆಂಗಸರಿಗೆ ಮುಳ್ಳು ತಾಗದ ಹಾಗೆ ಕಾಲುದಾರಿ ಹಾಕಿಕೊಟ್ಟ. ಯಾಕೆ ಎಂದು ಓಬಕ್ಕ ಕೇಳಿದ್ದಕ್ಕೆ, "ಬಾಯಿ ಮುಚ್ಕೊಂಡು ಕಲ್ಲು ಹಿಡಿ," ಅಂದ.

ಆಮೇಲಿನದು ಒಳ್ಳೆ ದಿನಗಳು. ಬೆಳಿಗ್ಗೆ ಚಳಿ, ಮಧ್ಯಾಹ್ನ ಸುಡು ಬಿಸಿಲು. ಕಾಲುವೆಯುದ್ದಕ್ಕೂ ನೀಲಿ. ಕರಿ ದುಂಬಿಗಳು ಬಂದು ಹೂವಿನ ಬಾಯಿಗೆ ತಲೆ ತುರುಕಿ ಹಿಂದಿನ ಭಾಗ ಮಾತ್ರ ಹೊರಗೆ ಇಟ್ಟುಕೊಂಡಿರುತ್ತಿದ್ದವು. ಪಾತರಗಿತ್ತಿಗಳು ಬೇರೆ ಬೇರೆ ಬಣ್ಣದವು. ಫಿಲ್ಟರ್ ಮನೆಯ ಹಿಂದಿನ ಜಾಲಿ ಕೊಂಬೆಯಲ್ಲಿ ಅಂಗೈಯಷ್ಟು ಕೋಲು ಜೇನು ಕಟ್ಟಿತು. ಓಬಕ್ಕ ಅದನ್ನು ದಿನಾ ದೂರದಿಂದ ನೋಡಿ, ಬೆರಳು ಮುರಿದು ದೃಷ್ಟಿ ತೆಗೆಯುತ್ತಿದ್ದಳು. ಆರಿಸಿಟ್ಟ ಗೆಡ್ಡೆಗಳನ್ನು ಕಾಲುವೆಯ ಪಕ್ಕದ ಮಡಿಯಲ್ಲಿ ಹಾಕಿದಳು. ಅವು ಕೋಲು ಬಿಟ್ಟವು.

ಸಂಕ್ರಾಂತಿ ಆದ ಮೇಲೆ, ಇನ್ನೇನು ಚೆಂಡು ಬಿರಿಯಬೇಕು, ನನ್ನ ಮೋಟರ್ ಸುಟ್ಟಿತು. ಫಿಲ್ಟರಿಗೆ ನೀರು ನೂಕುವ ದೊಡ್ಡ ಮೋಟರ್. ಫಿಲ್ಟರ್ ನಿಂತಿತು, ವೇಸ್ಟ್ ನೀರೂ ನಿಂತಿತು. ಬೋರಿನ ನೀರನ್ನೇ ಸ್ವಲ್ಪ ಕಾಲುವೆಗೆ ಬಿಟ್ಟೆ. ಊರಿನವರು ಬಂದು ನನ್ನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. "ನಮಗೆ ಕುಡಿಯೋಕೆ ಗತಿ ಇಲ್ಲ, ಮುಳ್ಳಿಗೆ ಬಿಡ್ತೀಯಾ?" ಅವರದೂ ತಪ್ಪಲ್ಲ. ಬಂದ್ ಮಾಡಿದೆ. ಮಾಮುಗೆ ಫೋನ್ ಮಾಡಿದರೆ, "ಬೇರೆ ಮೋಟರ್ ಈಗ ಆಗಲ್ಲ, ಬೀಗ ಹಾಕಿ ಬಾ" ಅಂದರು.

"ತಂತಿ ಕಳ್ಸಿ ಮಾಮು, ನಾನೇ ಕಟ್ತೀನಿ."

"ಅಲ್ಲಿ ಏನೈತೋ ನಿಂಗೆ?"

ಏನು ಹೇಳಲಿ. ಈರುಳ್ಳಿ ಹೂ ಅಂದರೆ ನಗುತ್ತಾರೆ. "ಜನ ಕುಡಿಯೋ ನೀರು ಮಾಮು," ಅಂದೆ. ಅದೂ ಸುಳ್ಳಲ್ಲ.

ತಾಮ್ರದ ತಂತಿ, ವಾರ್ನಿಷ್ ಬಸ್ಸಿನಲ್ಲಿ ಬಂತು. ವಾರ್ನಿಷ್ ಡಬ್ಬ ನೋಡಿದ ಗಾದ್ರಪ್ಪ ಮೂಗು ಮುಚ್ಚಿಕೊಂಡು, ಆ ವಾಸನೆ ಅವನ ಹುಳದ ಕಡೆ ಬಂದರೆ ಇಬ್ಬರೂ ಸತ್ತಂತೆ ಅಂದ. ಊರಾಚೆ, ಗಾಳಿ ಆ ಕಡೆ ಹೋಗುವ ಜಾಗದಲ್ಲಿ ಬೇವಿನ ಗಿಡದ ಕೆಳಗೆ ಕೂತು ಮೋಟರ್ ಬಿಚ್ಚಿದೆ. ಸುಟ್ಟ ತಂತಿ ಕಿತ್ತು ಹೊಸದು ಸುತ್ತಿ, ಬಿಸಿಲಲ್ಲಿ ಒಣಗಿಸಿದೆ. ಅಷ್ಟು ದಿನ ಓಬಕ್ಕ ಮತ್ತು ಭಾಗ್ಯ ಪಾತ್ರೆ ತೊಳೆದ ನೀರು, ಸ್ನಾನದ ನೀರು ಎಲ್ಲ ಕೊಡದಲ್ಲಿ ಹೊತ್ತು ತಂದು ಕಾಲುವೆಗೆ ಸುರಿದರು. ಗಾದ್ರಪ್ಪನ ಹೆಂಡತಿಯೂ ಸುರಿದಳು. ಆದರೂ ಕೆಳಗಿನ ಎಲೆಗಳು ಜೋತುಬಿದ್ದವು. ಊರಿನವರು ಕುಡಿಯುವ ನೀರಿಗೆ ನನ್ನನ್ನು ಬೈಯುತ್ತಿದ್ದರು, ಓಬಕ್ಕ ವೇಸ್ಟ್ ನೀರಿಗೆ ಬೈಯುತ್ತಿದ್ದಳು. ಬೇಸಾಯ ನಿಮ್ದಾ ನಂದಾ ಎಂದು ಒಂದು ದಿನ ಅವಳ ಮೇಲೆ ನಾನೂ ರೇಗಿದೆ. ಅವಳು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ನನ್ನ ಮುಂದೆ ಇಟ್ಟಳು. ನನ್ನ ಕೈ ಎಣ್ಣೆ ಕಪ್ಪಾಗಿತ್ತು. ರೊಟ್ಟಿ ಮುರಿದು ಅವಳೇ ಅದ್ದಿ ಅದ್ದಿ ಕೊಟ್ಟಳು.

ಮೋಟರ್ ಓಡಿತು. ಕಾಲುವೆಗೆ ನೀರು ಬಂತು. ಎಲೆ ಎದ್ದವು, ಮತ್ತೆ ಹೂ ಬಿಟ್ಟವು. ಅದೇ ವಾರ ಈರುಳ್ಳಿ ಚೆಂಡು ಬಿರಿದವು.

ಆ ದಿನ ಓಬಕ್ಕ, ಗಾದ್ರಪ್ಪ, ನಾನು ಮೂವರೂ ಬದುವಿನ ಮೇಲೆ ಕೂತಿದ್ದೆವು. ಬಿಸಿಲು ಏರುತ್ತಿದ್ದ ಹಾಗೆ ಮೊದಲು ಒಂದು ಜೇನು ಕಾಲುವೆ ದಾಟಿ ಬಂತು. ಚೆಂಡಿನ ಮೇಲೆ ಕೂತಿತು. ಆಮೇಲೆ ಇನ್ನೊಂದು. ಆಮೇಲೆ ಎಣಿಸಲಿಲ್ಲ. ಓಬಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಗಾದ್ರಪ್ಪ, "ಅಳಬ್ಯಾಡ, ಹೆದರಿ ಓಡಿ ಹೋಗ್ತಾವೆ," ಅಂದ.

ಎಲ್ಲ ಚೆಂಡೂ ತುಂಬಿತು ಎಂದು ಹೇಳುವುದಿಲ್ಲ. ಕಾಲುವೆ ಕಡೆಯ ಸಾಲುಗಳು ತುಂಬಿದವು. ದೂರದ ಮೂಲೆಯಲ್ಲಿ ಅರ್ಧಕ್ಕರ್ಧ ಹೊಟ್ಟು. ಆದರೂ ಮೊರದಲ್ಲಿ ತಿಕ್ಕಿ ಕೇರಿದಾಗ ಕರ್ರಗೆ ಬೀಜ ಬಿತ್ತು. ಒಂದು ಪಾಲು ಗಡಿಗೆಗೆ, ಒಂದು ಪಾಲು ಹೊಸ ಬಟ್ಟೆಯ ಗಂಟಿಗೆ. ಕಾಲುವೆಯ ಗಿಡಗಳಿಂದ ಉದುರಿಸಿದ ನೀರುಗೊಬ್ಬಿ ಬೀಜವನ್ನು ಭಾಗ್ಯ ಒಂದು ಡಬ್ಬಿಗೆ ತುಂಬಿಟ್ಟಳು.

ಭಾಗ್ಯಳ ಮದುವೆ ಮನೆ ಮುಂದಿನ ಚಪ್ಪರದಲ್ಲಿ. ನನ್ನ ವರ್ಷವೂ ಮುಗಿದಿತ್ತು, ಬ್ಯಾಗು ಕಟ್ಟಿ ಗಾದ್ರಪ್ಪನ ಮನೆಯಲ್ಲಿಟ್ಟು ಬಂದಿದ್ದೆ. ಊಟ ಆದ ಮೇಲೆ ಮಡಿಲು ತುಂಬಲು ಕೂರಿಸಿದರು. ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು ಹಾಕಿದರು. ಓಬಕ್ಕ ಈರುಳ್ಳಿ ಬೀಜದ ಗಂಟು ಹಾಕಿದಳು. ಏಳು ಅಂದರು. ಭಾಗ್ಯ ಏಳಲಿಲ್ಲ.

"ಅವ್ವ, ನೀರುಗೊಬ್ಬಿ ಬೀಜ?"

"ಸುಮ್ನೆ ಏಳೇ."

"ಒಳಗೆ ಡಬ್ಬೀಲಿ ಐತೆ. ತಾ."

ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗನ ದೊಡ್ಡಮ್ಮ ಕೇಳಿದಳು, "ಯಾವುದದು? ಆ ಮುಳ್ಳಿಂದಾ? ಮುಳ್ಳು ಗಿಡದ ಬೀಜ ಹೆಣ್ಣಿನ ಮಡ್ಲಿಗೆ ಹಾಕೋದು ಎಲ್ಲೈತವ್ವ?"

ಓಬಕ್ಕ, ಪೈಪಿಗೆ ಗೋಣಿ ತುರುಕಿದ ಹೆಂಗಸು, ಇಡೀ ಊರಿಗೆ ಹೆದರದವಳು, ಇದಕ್ಕೆ ಹೆದರಿದಳು. ಮಗಳ ಸಂಸಾರಕ್ಕೆ ಏನಾದರೂ ಆದರೆ? "ಬ್ಯಾಡ ಕಣೆ ಮಗಳೇ, ಆಮೇಲೆ ಬೇರೆ ಯಾವಾಗಾದ್ರೂ ತಗೊಂಡು ಹೋಗುವಂತೆ. ಮಡ್ಲಿಗೆ ಬ್ಯಾಡ," ಅಂದಳು.

ಭಾಗ್ಯ ಸೆರಗು ಹಿಡಿದುಕೊಂಡೇ ಕೂತಿದ್ದಳು. ಗಟ್ಟಿಯಾಗಿ ಮಾತಾಡಲಿಲ್ಲ. ಎಲ್ಲರಿಗೂ ಕೇಳಿಸಿತು.

"ಬರೀ ಈರುಳ್ಳಿ ಬೀಜ ಕೊಟ್ರೆ ಎರಡು ವರ್ಷ ಬೆಳೀತೀನಿ. ಮೂರನೇ ವರ್ಷ ನಿನ್ನಂಗೆ ಹೊಟ್ಟು ತಿಕ್ಕೊಂಡು ಕೂರ್ತೀನಿ. ಆಗ ನನ್ ಮಗಳಿಗೆ ನಾನೇನ್ ಹಾಕ್ಲಿ? ಅವರ ದನದ ತೊಟ್ಟಿ ಹತ್ರ ನೀರು ಸೋರೋ ಜಾಗ ಐತೆ, ಮನೆ ನೋಡೋಕೆ ಹೋದಾಗ ನೋಡ್ಕೊಂಡು ಬಂದಿದೀನಿ. ತಾರವ್ವ."

ಮದುಮಗ ಪಕ್ಕದಲ್ಲಿ ನೆಲ ನೋಡುತ್ತಾ ಕೂತಿದ್ದ. "ತೊಟ್ಟಿ ಹತ್ರ ಜಾಗ ಐತೆ ದೊಡ್ಡಮ್ಮ," ಅಂದ. ಅಷ್ಟೇ ಅವನು ಮಾತಾಡಿದ್ದು.

ದೊಡ್ಡಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಓಬಕ್ಕ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಡಬ್ಬಿ ಕೈಯಲ್ಲಿತ್ತು. ಮಗಳ ಮುಂದೆ ಕೂತು, ಈರುಳ್ಳಿ ಬೀಜದ ಗಂಟನ್ನೇ ಬಿಚ್ಚಿ, ಕರಿ ಬೀಜದ ಮೇಲೆ ಕಂದು ಬೀಜ ಸುರಿದು, ಒಟ್ಟಿಗೆ ಗಂಟು ಕಟ್ಟಿದಳು. ಮಡಿಲಿಗೆ ಹಾಕಿದಳು. ಭಾಗ್ಯ ಎದ್ದಳು.

ನಾನು ಬ್ಯಾಗು ತೆಗೆದುಕೊಂಡು ಬಸ್ಸಿಗೆ ನಡೆದೆ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.